ಕಾಸರಕ, ಧನುರ್ವಾಯು ಮತ್ತು ಬೆಚ್ಚಿಬೀಳುವ ಮಗು

ನಿಮ್ಮ ಪ್ರಶ್ನೆ ಇದು: ಅಕ್ಕನ ಮಗುವಿಗೆ ಎರಡು ತಿಂಗಳು. ಬಾಗಿಲು ಬಡಿದರೂ ಬೆಚ್ಚಿಬಿದ್ದು ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತದೆ. ಫಿಟ್ಸ್ ಅಂದುಕೊಂಡಿದ್ದಿರಿ. ಈಗ ಡಾಕ್ಟರು ‘ಹೈಪರ್‌ಎಕ್‌ಪ್ಲೆಕ್ಸಿಯಾ ಇರಬಹುದು, ಗ್ಲೈಸೀನ್ ರಿಸೆಪ್ಟರ್ ಜೀನ್ ತೊಂದರೆ, ಟೆಸ್ಟ್ ಮಾಡಿಸಿ’ ಅಂದಿದ್ದಾರೆ. ಹಾಗಂದರೆ ಏನು? ಗ್ಲೈಸೀನ್ ಪುಡಿ ಅಂಗಡಿಯಲ್ಲೇ ಸಿಗುತ್ತದಲ್ಲ, ಅದನ್ನು ಕೊಟ್ಟರೆ ಆಗಲ್ವಾ?

ಮೊದಲು ಪುಡಿಯ ಮಾತು. ಕೊಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಪಿಎಚ್‌ಡಿ ಹೆಸರಿನಲ್ಲಿ ಐದು ವರ್ಷ ಇದೇ ರಿಸೆಪ್ಟರಿನ ಹಿಂದೆ ಬಿದ್ದಿದ್ದವನು. ಹಾಗಾಗಿ ಚಿಕಿತ್ಸೆಯ ವಿಷಯ ನಿಮ್ಮ ಮಕ್ಕಳ ನರರೋಗ ತಜ್ಞರನ್ನೇ ಕೇಳಿ. ಆದರೆ ಒಂದನ್ನು ಮಾತ್ರ ಇವತ್ತೇ ಕೇಳಿ ಕಲಿತುಕೊಳ್ಳಿ. ಹೈಪರ್‌ಎಕ್‌ಪ್ಲೆಕ್ಸಿಯಾ, ಅಂದರೆ ಅತಿಯಾಗಿ ಬೆಚ್ಚಿ ಸೆಟೆದುಕೊಳ್ಳುವ ಕಾಯಿಲೆ, ಇರುವ ಮಕ್ಕಳು ಜೋರಾಗಿ ಸೆಟೆದುಕೊಂಡಾಗ ಉಸಿರು ಕಟ್ಟಬಹುದು. ಆಗ ಮಗುವಿನ ತಲೆಯನ್ನೂ ಕಾಲುಗಳನ್ನೂ ಹೊಟ್ಟೆಯ ಕಡೆಗೆ ಮಡಚಿ ಹಿಡಿದರೆ ಸೆಟೆತ ಬಿಟ್ಟುಕೊಡುತ್ತದೆ. ಇಟಲಿಯ ಡಾಕ್ಟರ್ ವಿಜೆವಾನೋ 1989ರಲ್ಲಿ ಇದನ್ನು ಬರೆದರು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೇಗೆ ಹಿಡಿಯಬೇಕೆಂದು ಡಾಕ್ಟರ ಕೈಯಲ್ಲೇ ಮಾಡಿಸಿ ನೋಡಿ. ಅಜ್ಜಿ, ಅತ್ತೆ, ಮಗುವನ್ನು ಎತ್ತಿಕೊಳ್ಳುವವರೆಲ್ಲ ಕಲಿಯಲಿ.

ಈಗ ಗ್ಲೈಸೀನ್. ನಾನು ದಕ್ಷಿಣ ಕನ್ನಡದವನು. ನಮ್ಮ ಗುಡ್ಡದಲ್ಲಿ ಕಾಸರಕನ ಮರ ಇತ್ತು. ಕಿತ್ತಳೆ ಬಣ್ಣದ ದುಂಡು ಹಣ್ಣು, ಒಳಗೆ ನಾಣ್ಯದಂತೆ ಚಪ್ಪಟೆ ಬೀಜ. ‘ಮುಟ್ಟಿದರೆ ಕೈ ತೊಳಿ, ಬಾಯಿಗೆ ಹಾಕಿದರೆ ಕಥೆ ಮುಗೀತು’ ಅಂತ ಅಜ್ಜಿ ಹೆದರಿಸುತ್ತಿದ್ದರು. ಆ ಬೀಜದಲ್ಲಿರುವ ವಿಷ ಸ್ಟ್ರಿಕ್ನೀನ್. ಅದು ಮೈಗೆ ಸೇರಿದವನು ಸಣ್ಣ ಸದ್ದಿಗೂ, ಮೆಲ್ಲಗೆ ಮುಟ್ಟಿದರೂ ಬೆಚ್ಚಿ ಬಿಲ್ಲಿನಂತೆ ಬಾಗುತ್ತಾನೆ. ಎಚ್ಚರ ಮಾತ್ರ ತಪ್ಪುವುದಿಲ್ಲ. ನಿಮ್ಮ ಅಕ್ಕನ ಮಗುವಿನ ವರ್ಣನೆ ಓದಿದಾಗ ನನಗೆ ನೆನಪಾದದ್ದು ಇದೇ.

ನಮ್ಮ ಬೆನ್ನುಹುರಿಯಲ್ಲಿ ಮತ್ತು ಮೆದುಳಿನ ಬುಡದಲ್ಲಿ ಎರಡು ಬಗೆಯ ನರಕೋಶಗಳಿವೆ. ಒಂದು ಬಗೆ ಸ್ನಾಯುವಿಗೆ ‘ಎಳಿ’ ಅನ್ನುತ್ತದೆ. ಇನ್ನೊಂದು ಬಗೆ ‘ಸಾಕು, ಸುಮ್ನಿರು’ ಅನ್ನುತ್ತದೆ. ಈ ‘ಸುಮ್ನಿರು’ ಎಂಬ ಮಾತನ್ನು ಅಲ್ಲಿ ಸಾಗಿಸುವ ಮುಖ್ಯ ಅಣು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೇ ತೀರಾ ಚಿಕ್ಕದು. ಅದು ಎದುರಿನ ನರಕೋಶದ ಮೈಮೇಲಿರುವ ರಿಸೆಪ್ಟರಿಗೆ ಅಂಟಿದರೆ ಅಲ್ಲೊಂದು ಬಾಗಿಲು ತೆರೆದು ಕ್ಲೋರೈಡ್ ಒಳಗೆ ಹರಿಯುತ್ತದೆ. ನರಕೋಶ ತಣ್ಣಗಾಗುತ್ತದೆ. ಸ್ಟ್ರಿಕ್ನೀನ್ ಅದೇ ಜಾಗಕ್ಕೆ ಬಂದು ಕೂತು ಗ್ಲೈಸೀನಿಗೆ ಜಾಗವೇ ಇಲ್ಲದಂತೆ ಮಾಡುತ್ತದೆ.

ಆ ರಿಸೆಪ್ಟರನ್ನು ಹಿಡಿದ ಕಥೆ ನನಗೆ ತುಂಬಾ ಇಷ್ಟ. 1982ರಲ್ಲಿ ಜರ್ಮನಿಯ ಹೈನ್ರಿಖ್ ಬೆಟ್ಸ್ ತಂಡ ಇಲಿಯ ಬೆನ್ನುಹುರಿ ಅರೆದು, ಸ್ಟ್ರಿಕ್ನೀನಿನಂಥದ್ದೇ ಒಂದು ಅಣುವನ್ನು ಗಾಳದಂತೆ ಕಟ್ಟಿ, ಅದಕ್ಕೆ ಕಚ್ಚಿಕೊಂಡ ಪ್ರೋಟೀನನ್ನು ಎಳೆದು ತೆಗೆಯಿತು. ಕೊಲ್ಲುವ ವಿಷವೇ ಗಾಳ! 1987ಕ್ಕೆ ಅದರ ಜೀನಿನ ಬರಹವೂ ಸಿಕ್ಕಿತು.

ಕಾಯಿಲೆಯ ಕಥೆ ಬೇರೆ ದಾರಿಯಲ್ಲಿ ಬರುತ್ತಿತ್ತು. 1958ರಲ್ಲಿ ಸ್ವೀಡನ್ನಿನ ಒಂದು ಕುಟುಂಬದ ಬಗ್ಗೆ ವರದಿ ಬಂತು. ಬೆಚ್ಚಿದರೆ ಧೊಪ್ಪನೆ ಬೀಳುವವರು. ಆಮೇಲೆ 1960ರ ದಶಕದಲ್ಲಿ ಹಾಲೆಂಡಿನ ದೊಡ್ಡದೊಂದು ಕುಟುಂಬ. ಇವರು ಮರ ಕಡಿದು ಬಿದ್ದಂತೆ ಬೀಳುತ್ತಿದ್ದರು. ನಾವು ಬೀಳುವಾಗ ಕೈ ಮುಂದೆ ಹೋಗುತ್ತದೆ ಅಲ್ವಾ? ಇವರಿಗೆ ಆ ಕ್ಷಣ ಮೈಯೆಲ್ಲ ಸೆಟೆದಿರುವುದರಿಂದ ಕೈ ಬರುವುದೇ ಇಲ್ಲ. ಬೀಳುತ್ತಿದ್ದೇನೆ ಅಂತ ಗೊತ್ತಿರುತ್ತದೆ, ಅಷ್ಟೇ. ಫಿಟ್ಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಎಚ್ಚರ.

ಎರಡೂ ದಾರಿ ಕೂಡಿದ್ದು 1993ರಲ್ಲಿ. ಅಮೆರಿಕದಲ್ಲಿ ರೀಟಾ ಶಿಯಾಂಗ್, ಜಾನ್ ವಾಸ್ಮತ್ ಮತ್ತು ಜೊತೆಗಾರರು ಇಂಥ ಕುಟುಂಬಗಳಲ್ಲಿ ಗ್ಲೈಸೀನ್ ರಿಸೆಪ್ಟರಿನ ಜೀನ್ ಕೆಟ್ಟಿರುವುದನ್ನು ತೋರಿಸಿದರು. ಜೀನಿನ ಹೆಸರು ಜಿಎಲ್‌ಆರ್‌ಎ1. ಸುಮಾರು 420 ಅಮೈನೋ ಆಮ್ಲಗಳ ಸರದಲ್ಲಿ 271ನೇ ಮಣಿ ಒಂದೇ ಬದಲಾಗಿತ್ತು. ಆರ್ಜಿನೀನ್ ಇರಬೇಕಾದಲ್ಲಿ ಲ್ಯೂಸೀನ್ ಅಥವಾ ಗ್ಲುಟಮೀನ್. ಮರುವರ್ಷ ಇಂಥ ರಿಸೆಪ್ಟರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸ್ಟ್ರಿಕ್ನೀನ್ ಮೊದಲಿನಷ್ಟೇ ಚೆನ್ನಾಗಿ ಅಂಟುತ್ತಿತ್ತು! ಗ್ಲೈಸೀನ್ ಬಂದರೆ ಮಾತ್ರ ಬಾಗಿಲು ಸರಿಯಾಗಿ ತೆರೆಯುತ್ತಿರಲಿಲ್ಲ. ಬೀಗದ ರಂಧ್ರ ಸರಿಯಿದೆ, ಕೆಟ್ಟಿರುವುದು ತಿರುಗಣೆ.

ನಾನು ಮಾಡುತ್ತಿದ್ದದ್ದೂ ಇಂಥದ್ದೇ ಕೆಲಸ. ಮೆದುಳಿನ ರಿಸೆಪ್ಟರನ್ನು ಮೂತ್ರಪಿಂಡದಿಂದ ಬಂದ ಜೀವಕೋಶದಲ್ಲಿ ಬೆಳೆಸಿ, ಕೂದಲಿಗಿಂತ ಸಣ್ಣ ಗಾಜಿನ ಮೊನೆ ಅಂಟಿಸಿ ಕರೆಂಟ್ ಅಳೆಯುವುದು. ಬೆಳಗ್ಗೆಯಿಂದ ರಾತ್ರಿವರೆಗೆ ಕೂತರೂ ಒಂದೂ ಕೋಶ ಕೈಗೆ ಹತ್ತದ ದಿನಗಳೇ ಜಾಸ್ತಿ. ಅಮ್ಮ ಫೋನಿನಲ್ಲಿ ‘ಇವತ್ತು ಏನು ಮಾಡಿದೆ?’ ಅಂತ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ.

ಆದರೆ 1993ರ ನಂತರವೂ ಒಂದು ಗಂಟು ಉಳಿಯಿತು. ಲಕ್ಷಣ ಎಲ್ಲ ಅದೇ, ಆದರೆ ಜಿಎಲ್‌ಆರ್‌ಎ1 ಚೆನ್ನಾಗಿಯೇ ಇದೆ, ಅಂಥ ಮಕ್ಕಳು ಸಿಗುತ್ತಲೇ ಇದ್ದರು. ಇಲ್ಲಿ ಬರುವವರು ರಾಬರ್ಟ್ ಹಾರ್ವಿ ಮತ್ತು ಮಾರ್ಕ್ ರೀಸ್. ಹಾರ್ವಿ ಆಗ ಲಂಡನ್ನಿನ ಸ್ಕೂಲ್ ಆಫ್ ಫಾರ್ಮಸಿಯಲ್ಲಿದ್ದರು, ಆಮೇಲೆ ಆಸ್ಟ್ರೇಲಿಯಾಕ್ಕೆ ಹೋದರು. 2002ರಲ್ಲಿ ಇವರ ತಂಡ ರಿಸೆಪ್ಟರಿನ ಇನ್ನೊಂದು ತುಂಡಿನ ಜೀನಿನಲ್ಲಿ, ಅಂದರೆ ಜಿಎಲ್‌ಆರ್‌ಬಿಯಲ್ಲಿ, ದೋಷ ಕಂಡಿತು. 2006ರದ್ದು ಇನ್ನೂ ದೊಡ್ಡ ಸುದ್ದಿ. ಈ ಸಲ ದೋಷ ರಿಸೆಪ್ಟರಿನಲ್ಲಿ ಇರಲೇ ಇಲ್ಲ. ಕಳಿಸುವ ಕಡೆ ಇತ್ತು. ಜೀನಿನ ಹೆಸರು ಎಸ್‌ಎಲ್‌ಸಿ6ಎ5.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಪುಡಿಗೆ ಉತ್ತರ ಇಲ್ಲೇ ಇದೆ. ಗ್ಲೈಸೀನ್ ಕಳಿಸುವ ನರದ ತುದಿಯಲ್ಲಿ ಒಂದು ಪಂಪ್ ಇದೆ, ಎಸ್‌ಎಲ್‌ಸಿ6ಎ5 ಅದರದ್ದೇ ಜೀನ್. ಹೊರಗೆ ಚೆಲ್ಲಿದ ಗ್ಲೈಸೀನನ್ನು ಅದು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಅದೇ ಗ್ಲೈಸೀನ್ ಪುಟ್ಟ ಚೀಲಗಳಲ್ಲಿ ತುಂಬಿ ಮುಂದಿನ ಸಲಕ್ಕೆ ತಯಾರಾಗುತ್ತದೆ. ಈ ಪಂಪ್ ಕೆಟ್ಟರೆ ಚೀಲಗಳು ಖಾಲಿ. ರಿಸೆಪ್ಟರ್ ಗಟ್ಟಿಯಾಗಿದ್ದು ಏನು ಪ್ರಯೋಜನ, ಮಾತೇ ಬರದಿದ್ದರೆ? ನಮಗೆ ಗೊತ್ತಿರುವ ಇನ್ನೊಂದು ಕಾಯಿಲೆಯೂ ಹೀಗೇ ಕಳಿಸುವ ಕಡೆಗೇ ಹೊಡೆಯುತ್ತದೆ. ಧನುರ್ವಾಯು. ಗಾಯದಿಂದ ಹೊರಟ ಅದರ ವಿಷ ನರ ಹಿಡಿದು ಬೆನ್ನುಹುರಿಗೆ ಏರಿ, ಗ್ಲೈಸೀನ್ ಹೊರಗೆ ಬೀಳದಂತೆ ತಡೆಯುತ್ತದೆ. ಧನುಸ್ಸಿನಂತೆ ಮೈ ಬಾಗುವುದರಿಂದಲೇ ಆ ಹೆಸರು. ಅಂದರೆ ಒಂದು ಬಗೆಯ ಮಗುವಿಗೆ ಹುಟ್ಟಿನಿಂದಲೇ ಕಾಸರಕ, ಇನ್ನೊಂದು ಬಗೆಗೆ ಹುಟ್ಟಿನಿಂದಲೇ ಧನುರ್ವಾಯು, ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹೋಲಿಕೆ ಅಷ್ಟೇ. ಮಗುವಿಗೆ ಯಾವ ವಿಷವೂ ಏರಿಲ್ಲ, ಬಾಣಂತಿಯ ಊಟದ ತಪ್ಪೂ ಅಲ್ಲ.

ಈಗ ನೋಡಿ, ತಿರುಗಣೆ ಕೆಟ್ಟಿದ್ದರೂ ಪಂಪ್ ಕೆಟ್ಟಿದ್ದರೂ ಮೈಯಲ್ಲಿ ಗ್ಲೈಸೀನಿಗೆ ಬರ ಇಲ್ಲ. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಪುಡಿ ತುಂಬಿಸಿದರೆ ಕೆಟ್ಟದ್ದು ರಿಪೇರಿ ಆಗುವುದಿಲ್ಲ. ಸಾಮಾನ್ಯವಾಗಿ ಕೊಡುವ ಮದ್ದು ಕ್ಲೊನಾಜೆಪಾಮ್. ಅದೂ ಗ್ಲೈಸೀನ್ ರಿಸೆಪ್ಟರಿನ ತಂಟೆಗೆ ಹೋಗುವುದಿಲ್ಲ. ಪಕ್ಕದಲ್ಲೇ ಗಾಬಾ ಎಂಬ ಇನ್ನೊಂದು ‘ಸುಮ್ನಿರು’ ವ್ಯವಸ್ಥೆ ಇದೆ, ಅದಕ್ಕೆ ಬಲ ಕೊಡುತ್ತದೆ. ಬಹಳ ಮಕ್ಕಳಿಗೆ ಇದರಿಂದ ಒಳ್ಳೆಯ ಫಲ ಸಿಗುತ್ತದೆ. ಮೈ ಬಿಗಿತ ಮೊದಲ ಕೆಲವು ವರ್ಷಗಳಲ್ಲಿ ತಾನಾಗಿಯೂ ಇಳಿಯುತ್ತದೆ, ಬೆಚ್ಚುವುದು ಮಾತ್ರ ಉಳಿಯಬಹುದು.

ಎಲ್ಲ ಕೂಸುಗಳೂ ಬೆಚ್ಚುತ್ತವೆ, ‘ದೃಷ್ಟಿ ತೆಗೆಯಿರಿ’ ಅನ್ನುವವರೂ ಮನೆಯಲ್ಲಿ ಇರುತ್ತಾರೆ. ತೆಗೆಯಲಿ ಬಿಡಿ. ಆದರೆ ಡಾಕ್ಟರು ಮೂಗಿನ ತುದಿಗೆ ಬೆರಳಿಂದ ಮೆಲ್ಲಗೆ ತಟ್ಟಿ ನೋಡಿರಬೇಕು. ಸಾಮಾನ್ಯ ಮಗು ಒಂದೆರಡು ಸಲ ಬೆಚ್ಚಿ ಆಮೇಲೆ ರೂಢಿ ಮಾಡಿಕೊಳ್ಳುತ್ತದೆ. ಈ ಮಕ್ಕಳು ಪ್ರತಿ ಸಲವೂ ತಲೆಯನ್ನು ಹಿಂದಕ್ಕೆ ಎಸೆಯುತ್ತಾರೆ, ಹತ್ತನೇ ಸಲವೂ ಅಷ್ಟೇ. ಹೊಕ್ಕುಳಲ್ಲಿ ಅಥವಾ ತೊಡೆಸಂದಿಯಲ್ಲಿ ಹರ್ನಿಯಾ ಇದೆಯಾ ಎಂದೂ ಕೇಳಿ.

ಟೆಸ್ಟ್ ವರದಿ ಬಂದಾಗ ಮೇಲೆ ಹೇಳಿದ ಮೂರು ಹೆಸರುಗಳಲ್ಲಿ ಯಾವುದಿದೆ ನೋಡಿ. ಅದರ ಜೊತೆಗೆ ತಂದೆ ತಾಯಿ ಇಬ್ಬರಿಂದಲೂ ಬಂದದ್ದೋ, ಒಂದೇ ಕಡೆಯಿಂದ ಬಂದದ್ದೋ ಎಂದು ಕೇಳಿ. ಜಿಎಲ್‌ಆರ್‌ಎ1 ಎರಡೂ ಬಗೆಯಲ್ಲಿ ಬರುತ್ತದೆ, ಉಳಿದೆರಡು ಹೆಚ್ಚಾಗಿ ಇಬ್ಬರಿಂದಲೂ ಬಂದಾಗಲೇ ಕಾಣುವುದು. ಹಾಗಿದ್ದರೆ ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಅಕ್ಕ ಭಾವ ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ನಾಚಿಕೆಯ ವಿಷಯವೇನಲ್ಲ. ವರದಿಯಲ್ಲಿ ಅಕ್ಷರ, ಅಂಕಿ ಸೇರಿದ ಒಂದು ಸಾಲು ಇರುತ್ತದೆ. ಮಗುವಿನ ಹೆಸರು, ಊರು ಎಲ್ಲ ಬಿಟ್ಟು ಅದೊಂದನ್ನೇ ಇಲ್ಲಿ ಹಾಕಿ. ಬಾಗಿಲೋ ಪಂಪೋ ಅಂತ ಓದಿ ಹೇಳುವಷ್ಟು ನನಗೆ ಇನ್ನೂ ನೆನಪಿದೆ.