ಪ್ರತಿಕ್ರಿಯೆ: 20 ಕೋಶದ ಬ್ರೈಲ್ ಪರದೆಗೆ ಚಿತ್ರವಿವರಣೆ

ಹಂಪಿಯ ಫೋಟೋಗಳಿಗೆ ನೀವು ಬರೆದ ವಿವರಣೆ ಕಿವಿ ಕೇಳದ, ಕಣ್ಣೂ ಕಾಣದ ಓದುಗರಿಗೆ ದಣಿವು ತರುತ್ತಿದೆ ಎಂದಿರಿ. ತೊಂದರೆ ಮೊದಲ ಸಾಲಿನಲ್ಲೇ ಇದೆ. ಬ್ರೈಲ್ ಪರದೆ ಎಂದರೆ ಚುಕ್ಕಿಗಳು ಬೆರಳಿಗೆ ತಾಕುವಂತೆ ಎದ್ದು ಬರುವ ಸಾಧನ, ಕೋಶ ಎಂದರೆ ಅದರಲ್ಲಿ ಒಂದು ಚುಕ್ಕಿಗುಂಪಿನ ಜಾಗ. ಕನ್ನಡ ಬ್ರೈಲ್‌ನಲ್ಲಿ ಗುಣಿತಕ್ಕೂ ಒತ್ತಕ್ಷರದ ಹಲಂತಕ್ಕೂ ಬೇರೆ ಬೇರೆ ಕೋಶ ಬೇಕು. 'ಈ ಚಿತ್ರದಲ್ಲಿ ಕಾಣುತ್ತಿರುವುದು' ಎಂಬುದೇ 27 ಕೋಶ! 20 ಕೋಶದ ಪರದೆಯಲ್ಲಿ ಅಷ್ಟಕ್ಕೇ ಒಮ್ಮೆ ಗುಂಡಿ ಒತ್ತಿ ಮುಂದೆ ಸರಿಸಬೇಕು, ವಿಷಯ ಇನ್ನೂ ಬಂದಿರುವುದಿಲ್ಲ. 'ಹಂಪಿಯ ಕಲ್ಲಿನ ರಥ' 15 ಕೋಶ. ಅದನ್ನೇ ಮೊದಲಿಡಿ. ಇದು ಚಿತ್ರ ಎಂದು ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಧ್ವನಿಗೋ ಬ್ರೈಲ್‌ಗೋ ಬದಲಿಸುವ ತಂತ್ರಾಂಶ) ಹೇಗೂ ತಿಳಿಸುತ್ತದೆ.

ಆಮೇಲೆ ಗಾತ್ರ, ಆಕಾರ, ಮೇಲ್ಮೈ: ದೊಡ್ಡ ದುಂಡು ಚಕ್ರ, ಒರಟು ಕಲ್ಲು, ನುಣುಪು ಕಂಬ. ಬೆರಳಿಗೆ ಗೊತ್ತಿರುವ ಮಾತು ಬೇಗ ಹತ್ತುತ್ತದೆ. ಬಣ್ಣವನ್ನು ಪೂರ್ತಿ ಬಿಡಬೇಡಿ. ದೃಷ್ಟಿ ತಡವಾಗಿ ಹೋಗಿ, ಬಣ್ಣ ನೆನಪಿರುವವರು ಬಹಳ ಮಂದಿ. ಸದ್ದು ಕೇಳದವರಿಗೆ 'ಜನರ ಗದ್ದಲ' ಬದಲು 'ಒತ್ತೊತ್ತಾಗಿ ನಿಂತ ಜನ' ಎನ್ನಿ. ಎಮೋಜಿ ಸಾಲು ಬೇಡ, ಒಂದೊಂದೂ ಉದ್ದದ ಹೆಸರೋ ಕೋಡೋ ಆಗಿ ಕೋಶ ನುಂಗುತ್ತದೆ. ಚಿತ್ರದೊಳಗಿನ ಬರಹವನ್ನು ವಿವರಣೆಯಲ್ಲೇ ಟೈಪ್ ಮಾಡಿ.

ಇಷ್ಟಾದರೂ ಅರ್ಥವಿಲ್ಲದ ಚುಕ್ಕಿಗಳೇ ಬಂದರೆ ತಪ್ಪು ನಿಮ್ಮದಲ್ಲ. ಓದುಗರು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರಾದರೆ ಬ್ರೈಲ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಟೇಬಲ್ (ಅಕ್ಷರಗಳನ್ನು ಚುಕ್ಕಿಗಳಾಗಿಸುವ ಪಟ್ಟಿ) ಇಂಗ್ಲಿಷ್‌ನಲ್ಲೇ ಉಳಿದಿರಬಹುದು, ಕನ್ನಡಕ್ಕೆ ಬದಲಿಸಲು ಹೇಳಿ.