ಸಂಪಾದಕರ ಉತ್ತರ: ಊರಲ್ಲಿ ರೋಗಿಗಳಿಲ್ವಾ?

ಶಿರಸಿಯ ಓದುಗರೊಬ್ರು ಬರ್ದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಅಕ್ಕನ ಮಗಳು ಬೆಂಗಳೂರಲ್ಲಿ ನರ್ಸು, ಒಳ್ಳೆ ಸಂಬಳ, ಸ್ವಂತ ಫ್ಲ್ಯಾಟು. ಎಲ್ಲಾ ಬಿಟ್ಟು ದಕ್ಷಿಣ ಸುಡಾನಿನ ನಿರಾಶ್ರಿತರ ಕ್ಯಾಂಪಿಗೆ ಹೊರಟಿದ್ದಾಳಂತೆ. "ಸೇವೆ ಮಾಡೋಕೆ ಅಲ್ಲಿಗೇ ಹೋಗ್ಬೇಕಾ, ಊರಲ್ಲಿ ರೋಗಿಗಳಿಲ್ವಾ? ನಿಮ್ಮ ಪತ್ರಿಕೆ ಓದ್ತಾಳೆ, ನಾಲ್ಕು ಬುದ್ಧಿಮಾತು ಬರೀರಿ" ಅಂತ ಕೇಳಿದ್ದಾರೆ.

ಮಾರಾಯ್ರೆ, ಬುದ್ಧಿ ಹೇಳ್ಸೋಕೆ ಹೋಗಿಹೋಗಿ ನನ್ನ ಹಿಡಿದ್ರಲ್ಲ.

ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಅಕ್ಕಂಗೆ ಮಂಡಿನೋವು, ಒಬ್ರೇ ಇರ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಇವತ್ತಿಗೂ ರೋಗೀನ ಕಂಬಳಿಗೆ ಕಟ್ಟಿ ಹೊತ್ತು ರಸ್ತೆಗೆ ತರ್ತಾರೆ. ಸರಿ, ಒಪ್ಪಿದೆ. ಆದ್ರೆ ಪತ್ರದ ಎರಡನೇ ಪುಟದಲ್ಲಿ ನ್ಯೂಜೆರ್ಸಿಯಲ್ಲಿರೋ ತಮ್ಮನ ಮಗನ ಬಗ್ಗೆ ಎಷ್ಟು ಹೆಮ್ಮೆಯಿಂದ ಬರ್ದಿದ್ದೀರಿ! ಅವನು ಹೊರಟಾಗ "ಊರಲ್ಲಿ ಕಂಪ್ಯೂಟರ್ ಇಲ್ವಾ" ಅಂತ ಕೇಳಿದ್ರಾ? ಡಾಲರಿಗೆ ಹೋದ್ರೆ ಸಾಧನೆ, ಸಂಬಳ ಕಮ್ಮಿ ಮಾಡ್ಕೊಂಡು ಹೋದ್ರೆ ಮಾತ್ರ ನಮಗೆ ಜೋಯಿಡಾ ನೆನಪಾಗೋದು.

ನನ್ನ ಟೇಬಲ್ ಮೇಲೆ ಕಿಟೆಲ್ ನಿಘಂಟಿದೆ, ಬೈಂಡು ಬಿಟ್ಟುಹೋಗಿದೆ. 1853ರಲ್ಲಿ 21ರ ಹುಡುಗ ಜರ್ಮನಿಯಿಂದ ಬಂದ, ಬಂದಿದ್ದು ಮತಪ್ರಚಾರಕ್ಕೆ (ಅದನ್ನೇನು ಮುಚ್ಚಿಡೋದು), ಆದ್ರೆ ಜೀವಮಾನ ಇಡೀ ಕನ್ನಡದ ಪದ ಹೆಕ್ಕಿ 1894ರಲ್ಲಿ 70 ಸಾವಿರ ಪದ ನಮ್ಮ ಕೈಗಿಟ್ಟ. ಅವನಿಗೂ ನಿಮ್ಮಂಥ ಮಾವ ಇದ್ದು ತಡೆದಿದ್ರೆ ನಾನೀಗ ಏನು ನೋಡ್ಕೊಂಡು ಪ್ರೂಫ್ ತಿದ್ದೋದು?

ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರನ್ನ ನೋಡಿ. 1938ರಲ್ಲಿ ಕಾಂಗ್ರೆಸ್ಸು ಚೀನಾಕ್ಕೆ ಕಳ್ಸಿದ ಐದು ಜನ ಡಾಕ್ಟರರಲ್ಲಿ ಒಬ್ರು. ಆಗ ನಾವೇ ಬ್ರಿಟಿಷರ ಕೈಕೆಳಗೆ, ಸೊಲ್ಲಾಪುರದಲ್ಲಿ ರೋಗಿಗಳಿಗೇನು ಬರ ಇರ್ಲಿಲ್ಲ. ಉಳಿದೋರು ವಾಪಸ್ ಬಂದ್ರು, ಇವರು ಅಲ್ಲೇ ಯುದ್ಧದ ಗಾಯಾಳುಗಳ ಆಪರೇಷನ್ ಮಾಡ್ತಾ, ಚೀನೀ ಭಾಷೆ ಕಲ್ತು, ಅಲ್ಲಿನ ನರ್ಸನ್ನೇ ಮದ್ವೆಯಾಗಿ, 1942ರ ಡಿಸೆಂಬರಲ್ಲಿ 32ನೇ ವಯಸ್ಸಿಗೆ ತೀರ್ಕೊಂಡ್ರು. ಮಗ ಆಗಿನ್ನೂ ಮೂರು ತಿಂಗಳ ಕೂಸು.

ಸ್ವಂತದ್ದೊಂದು ಹೇಳ್ತೀನಿ. ನಮ್ಮಪ್ಪಂಗೆ ಸ್ಟ್ರೋಕ್ ಆದಾಗ ಕಾರವಾರದಿಂದ ರಾತ್ರೋರಾತ್ರಿ ಮಣಿಪಾಲಕ್ಕೆ ಓಡಿದ್ವಿ. ಹನ್ನೊಂದು ದಿನ ನೋಡ್ಕೊಂಡವಳು ಕೊಟ್ಟಾಯಂ ಕಡೆಯ ಹುಡುಗಿ, "ಅಜ್ಜಾ, ನೋವು ಉಂಟಾ" ಅಂತ ಅಷ್ಟೇ ಕನ್ನಡ ಬರ್ತಿತ್ತು. ಅವಳು ಬಂದಿದ್ದು ಸಂಬಳಕ್ಕೇ ಇರ್ಬಹುದು. ಆದ್ರೆ "ಕೊಟ್ಟಾಯಂನಲ್ಲಿ ಅಜ್ಜಂದಿರಿಲ್ವಾ" ಅಂತ ಕೇಳೋ ಬಾಯಿ ನನಗಿರ್ಲಿಲ್ಲ.

ಇನ್ನು ಮಣಿಪಾಲಕ್ಕೆ ಯಾಕೆ ಓಡ್ಬೇಕಿತ್ತು ಅನ್ನೋದು ಬೇರೆ ರಾಮಾಯಣ. 2022ರಲ್ಲಿ ಹೊನ್ನಾವರದ ರೋಗಿಯನ್ನ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸು ಶಿರೂರು ಟೋಲಲ್ಲಿ ಪಲ್ಟಿಯಾದಾಗ ಜಿಲ್ಲೆಗೆ ಜಿಲ್ಲೆಯೇ ನಮ್ಮಲ್ಲೇ ದೊಡ್ಡಾಸ್ಪತ್ರೆ ಬೇಕು ಅಂತ ಕೂಗ್ತು. ನಾನೂ ಎರಡು ಸಂಪಾದಕೀಯ ಬರ್ದೆ. ಸಭೆ ಮುಗ್ಸಿ ಮನೆಗೆ ಬಂದೋರು ಮಕ್ಕಳಿಗೆ ಹೇಳೋದೇನು? "ಡಾಕ್ಟರಾಗು, ಆದ್ರೆ ಈ ಕೊಂಪೇಲಿ ಇರ್ಬೇಡ." ಕಟ್ಟಡ ಕಟ್ಟಿದ್ರೂ ಒಳಗೆ ನಿಲ್ಲೋರು ಯಾರು, ಕೊಟ್ಟಾಯಂನೋರೇ ಬರ್ಬೇಕು.

ನಮ್ಮ ಕೈಲಾಗದ್ದರ ಲೆಕ್ಕ ಆ ಹುಡುಗಿ ತಲೆಗೆ ಕಟ್ಬೇಡಿ. ಅಕ್ಕನ ಮಂಡಿನೋವಿಗೆ ನೀವಿದ್ದೀರಲ್ಲ, ಒಂದೇ ಊರು, ವಾರಕ್ಕೆರಡು ಸಲ ಹೋಗ್ಬನ್ನಿ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟ್ಲಿ ಕಟ್ಟಿಕೊಡಿ, ಬಿಗಿಯಾಗಿ ಪ್ಯಾಕ್ ಮಾಡಿ, ಎಣ್ಣೆ ಸೋರಿದ್ರೆ ಸೂಟ್‌ಕೇಸು ಇಡೀ ಹಾಳು.