ಆಡಿಕೊಂಡಿರುವ ಮಗುವಿನ ಹೃದಯದ ತೂತು ಮುಚ್ಚಿಸಬೇಕೇ?

ನಾಲ್ಕು ವರ್ಷದ ಹುಡುಗಿ, ತೂಕ 14 ಕಿಲೋ. ಗುರುತು ಸಿಗದಂತೆ ವಿವರ ಬದಲಿಸಿದೆ. ಅಂಗನವಾಡಿ ತಪಾಸಣೆಯಲ್ಲಿ ಎದೆಬಡಿತದ ಜೊತೆ ಮರ್ಮರ ಎಂಬ ಹೆಚ್ಚುವರಿ ಸದ್ದು ಕೇಳಿಸಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಮೇಲಿನ ಕೋಣೆಗಳ ನಡುಗೋಡೆಯಲ್ಲಿ 9 ಮಿ.ಮೀ. ತೂತು ಕಂಡಿದೆ, ವೈದ್ಯರ ಮಾತಿನಲ್ಲಿ ಸೆಕಂಡಮ್ (ಗೋಡೆಯ ನಡುಭಾಗದ) ಬಗೆಯ ಎಎಸ್‌ಡಿ. ಹೃದಯದ ಬಲಭಾಗ ಹಿಗ್ಗಿದೆ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಸಹಜ.

"ಉಣ್ತಾಳೆ, ಓಡ್ತಾಳೆ, ಯಾಕೆ ಕೈ ಹಾಕಿಸ್ಬೇಕು?" ಎನ್ನುತ್ತಾರೆ ತಂದೆ. ಮಗಳಿಗೆ ನಾಳೆಯೇ ಆಪರೇಷನ್ ಆಗಲಿ ಎಂಬುದು ತಾಯಿಯ ಆತುರ. ಅಜ್ಜಿಗೆ ಎದೆಯ ಮೇಲಿನ ಕಲೆ, ಮುಂದಿನ ಮದುವೆಯ ಚಿಂತೆ.

ಮಗು ಗೆಲುವಾಗಿದೆ ಎಂಬುದು ಇಲ್ಲಿ ಅಳತೆಗೋಲಾಗದು. ಈ ತೂತು ಮೂವತ್ತು ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಬಡಿತದ ಏರುಪೇರು, ಏದುಸಿರು ತರಬಲ್ಲದು. ನೋಡಬೇಕಾದ್ದು ಬಲಭಾಗ ಹಿಗ್ಗಿದೆಯೇ ಎಂಬುದನ್ನು. 5 ಮಿ.ಮೀ.ಗಿಂತ ಚಿಕ್ಕದು, ಹಿಗ್ಗಿಲ್ಲ ಎಂದಿದ್ದರೆ ತಂದೆಯ ಮಾತೇ ಸರಿ. ಹಲವು ತಾವಾಗಿಯೇ ಮುಚ್ಚುತ್ತವೆ. ಈ ವಯಸ್ಸಿನಲ್ಲಿ 9 ಮಿ.ಮೀ. ಹಾಗೆ ಮುಚ್ಚುವುದು ಅಪರೂಪ. ಹಾಗೆಂದು ತುರ್ತೂ ಇಲ್ಲ. ಆರು ತಿಂಗಳು ಬಿಟ್ಟು ಮಕ್ಕಳ ಹೃದ್ರೋಗ ತಜ್ಞರಲ್ಲೇ ಎಕೋ ಮಾಡಿಸಿ. ಮುಚ್ಚಿಸಲು ಸಾಮಾನ್ಯವಾಗಿ ಕಾಯುವ 15 ಕಿಲೋ ತೂಕವನ್ನೂ ಅಷ್ಟರಲ್ಲಿ ಮುಟ್ಟಿರಬಹುದು. ಹಿಗ್ಗುವಿಕೆ ಹಾಗೇ ಇದ್ದರೆ ಶಾಲೆ ಸೇರುವ ಮುನ್ನ ಮುಚ್ಚಿಸಿ. ಅಲ್ಲಿಯವರೆಗೆ ಆಟ, ಲಸಿಕೆ ಯಾವುದನ್ನೂ ತಡೆಯಬೇಡಿ.

ತೂತಿನ ಸುತ್ತಲಿನ ಅಂಚು ಸಾಕಷ್ಟಿದೆಯೇ ಎಂದು ಕೇಳಿ. ಇದ್ದರೆ ತೊಡೆಸಂದಿನ ರಕ್ತನಾಳದ ಮೂಲಕ ಡಿವೈಸ್ (ತೂತು ಮುಚ್ಚುವ ಪುಟ್ಟ ಸಾಧನ) ಕೂರಿಸುತ್ತಾರೆ, ಎದೆ ಕೊಯ್ಯುವುದಿಲ್ಲ. ಅಂಚು ಸಾಲದಿದ್ದರೆ ಶಸ್ತ್ರಚಿಕಿತ್ಸೆಯೇ. ಅಜ್ಜಿಗೆ ಹೇಳಬೇಕಾದ್ದು ಇನ್ನೊಂದಿದೆ: ಬಾಲ್ಯದಲ್ಲೇ ಮುಚ್ಚಿಸಿಕೊಂಡವರಿಗೆ ಬಸಿರು, ಹೆರಿಗೆ ಸಾಮಾನ್ಯವಾಗಿ ಎಲ್ಲರಂತೆಯೇ. ಮುಚ್ಚದೆ ಉಳಿದ ದೊಡ್ಡ ತೂತೇ ಆಗ ಕಾಡುವುದು.

ಡಿವೈಸ್ ಜಾರುವುದುಂಟು, ವಿರಳ. ಜಾರಿದರೆ ರಕ್ತನಾಳದ ಮೂಲಕವೇ ತಂತಿ ಹಾಕಿಯೋ ಆಪರೇಷನ್ನಿಂದಲೋ ತೆಗೆಯುತ್ತಾರೆ. ಅದು ಹೃದಯದ ಗೋಡೆ ಸವೆಸುವುದು ಇನ್ನೂ ವಿರಳ, ಆದರೆ ಜೀವಕ್ಕೆ ಅಪಾಯ. ಎದೆನೋವು, ತಲೆಸುತ್ತು, ಏದುಸಿರು ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ. ಡಿವೈಸ್ ಕೂರಿಸಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಕೊಡುತ್ತಾರೆ. ಆ ಅವಧಿಯಲ್ಲಿ ಸೀತಾಳೆಸಿಡುಬು ಅಥವಾ ಫ್ಲೂ ಬಂದರೆ ಮುಂದಿನ ಡೋಸ್‌ಗೆ ಮೊದಲು ವೈದ್ಯರಿಗೆ ತಿಳಿಸಿ, ಆಗ ಆಸ್ಪಿರಿನ್‌ನಿಂದ ರೈ ಸಿಂಡ್ರೋಮ್ (ಮಿದುಳು, ಯಕೃತ್ತಿಗೆ ಹಾನಿ ಮಾಡುವ ಕಾಯಿಲೆ) ಬರುವ ಅಪಾಯವಿದೆ. ಆ ಆರು ತಿಂಗಳಲ್ಲಿ ಹಲ್ಲು ಕೀಳಿಸುವುದಿದ್ದರೆ ಆ್ಯಂಟಿಬಯಾಟಿಕ್ ಬೇಕು, ದಂತವೈದ್ಯರಿಗೆ ಡಿವೈಸ್ ವಿಷಯ ಹೇಳಿ.

ಖರ್ಚಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ರೆಫರಲ್ ಚೀಟಿಯನ್ನು ದಾಖಲಾಗುವ ಮೊದಲೇ ಪಡೆಯಿರಿ. ತಜ್ಞರ ಬಳಿಗೆ ಒಬ್ಬರೇ ಹೋಗಿ ಇನ್ನೊಬ್ಬರಿಗೆ ವರದಿ ಒಪ್ಪಿಸಬೇಡಿ. ಗಂಡ ಹೆಂಡತಿ ಇಬ್ಬರೂ, ಸಾಧ್ಯವಾದರೆ ಅಜ್ಜಿಯೂ, ಪ್ರಶ್ನೆ ಬರೆದುಕೊಂಡು ಒಟ್ಟಿಗೆ ಹೋಗಿ.